ಗೆದ್ದ ದುಡ್ಡಿಗೂ ವೋಚರ್ ಕೇಳಿದೆ

ಸಾಗರದಲ್ಲಿ ತೆರಿಗೆ ರಿಟರ್ನ್ ತುಂಬಿಕೊಡುವುದು ನನ್ನ ಕಸುಬು. ಅಡಿಕೆ ಬೆಳೆಗಾರರು, ಕಿರಾಣಿ ಅಂಗಡಿಯವರು, ನಿವೃತ್ತ ಮೇಷ್ಟ್ರುಗಳು, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಹುಡುಗರು, ಎಲ್ಲರ ಕಾಗದವೂ ನನ್ನ ಮೇಜಿನ ಮೇಲೆ ಹಾದುಹೋಗುತ್ತದೆ. ಕೊರೊನಾ ಬಂದ ಮೇಲೆ ಆ ಕಾಗದಗಳ ಜೊತೆ ಬ್ರೋಕರ್ ಕಳಿಸುವ ಲಾಭ-ನಷ್ಟದ ಪಟ್ಟಿಯೂ ಸೇರಿಕೊಂಡಿತು. 2020ರ ಮಾರ್ಚ್‌ನಲ್ಲಿ ದೇಶದಲ್ಲಿ ಸುಮಾರು 4 ಕೋಟಿ ಇದ್ದ ಡಿಮ್ಯಾಟ್ ಖಾತೆಗಳು, ಅಂದರೆ ಷೇರು ಇಟ್ಟುಕೊಳ್ಳುವ ಖಾತೆಗಳು, ಎರಡೇ ವರ್ಷದಲ್ಲಿ 9 ಕೋಟಿಯ ಹತ್ತಿರ ಹೋದವು. ನಮ್ಮ ತಾಲ್ಲೂಕೂ ತನ್ನ ಪಾಲು ಹಾಕಿತು.

ಪಟ್ಟಿ ಹಿಡಿದು ಬಂದವರಲ್ಲಿ ನಷ್ಟ ಮಾಡಿಕೊಂಡವರಿಗೆ ಮಾತು ಮುಗಿಯುವುದಿಲ್ಲ. ಆ್ಯಪ್ ಹ್ಯಾಂಗ್ ಆಯ್ತು, ಭಾವ ಹೇಳಿದ್ದಕ್ಕೆ ತಗೊಂಡೆ, ರಷ್ಯಾದವರು ಯುದ್ಧ ಶುರು ಮಾಡಿದರು. ಲಾಭ ಬಂದವರನ್ನು ಕೇಳಿ ನೋಡಿ: "ಸ್ಟಡಿ ಮಾಡಿ ತಗೊಂಡಿದ್ದು ಸಾರ್." ಅಲ್ಲಿಗೆ ಮುಗಿಯಿತು. ಲೆಕ್ಕ ಬರೆಯುವ ನನಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅಂಗಡಿಯ ಲೆಕ್ಕ ನೋಡುವಾಗ ಖರ್ಚಿಗೆ ವೋಚರ್, ಅಂದರೆ ಪುರಾವೆಯ ಚೀಟಿ, ಕೇಳಿದ ಹಾಗೆ ಜಮೆಗೂ ಕೇಳುತ್ತೇವೆ, ಈ ದುಡ್ಡು ಎಲ್ಲಿಂದ ಬಂತು, ಯಾವ ಬಿಲ್ಲಿಗೆ ಬಂತು ಅಂತ. ನನ್ನದೇ ಲಾಭಕ್ಕೆ ಹಾಗೆ ವೋಚರ್ ಕೇಳಬೇಕಾಗಿ ಬಂದಾಗ ಏನೇನು ಹೊರಬಿತ್ತು ಎಂಬುದನ್ನು ಬರೆಯುತ್ತಿದ್ದೇನೆ.

2020ರ ಏಪ್ರಿಲ್‌ನಲ್ಲಿ ನಾನು ಷೇರಿಗೆ ಹಾಕಿದ ದುಡ್ಡು ಮಾರನೇ ವರ್ಷದ ದೀಪಾವಳಿ ಹೊತ್ತಿಗೆ ಮೂರು ಪಟ್ಟಾಗುತ್ತ ಬಂದಿತ್ತು. ಸಣ್ಣ ಊರಲ್ಲಿ ಇಂಥ ಸುದ್ದಿ ಮುಚ್ಚಿಡಲಾಗುವುದಿಲ್ಲ. ಎಲ್ಲರೂ ಹೆದರಿ ಕೂತಿದ್ದಾಗ ಧೈರ್ಯ ಮಾಡಿದ ಆಸಾಮಿ ಎಂದು ಹೆಸರಾಯಿತು. ನನ್ನ ಕೈಗುಣ ಚೆನ್ನಾಗಿದೆ ಅಂತ ಇಬ್ಬರು ಎಫ್‌ಡಿ ಮುರಿಸಿಕೊಂಡು ಬಂದು, ನೀವೇ ಎಲ್ಲಾದರೂ ಹಾಕಿ ಎಂದು ಎದುರಿಗೆ ಕೂತರು. ಸಲಹೆ ಕೊಟ್ಟು ದುಡ್ಡು ತೆಗೆದುಕೊಳ್ಳಲು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನೋಂದಣಿ ಬೇಕು, ನನಗೆ ಅದಿಲ್ಲ, ಹಾಗಾಗಿ ವಾಪಸ್ ಕಳಿಸುವುದು ಸುಲಭವಿತ್ತು. ಆದರೆ ನೋಂದಣಿ ಇದ್ದಿದ್ದರೆ ತಗೊಳ್ಳುತ್ತಿದ್ದೆನೇ ಎಂಬ ಪ್ರಶ್ನೆ ಬಿಡಲಿಲ್ಲ. ಒಂದು ಭಾನುವಾರ, ಪ್ರತಿ ವಹಿವಾಟಿಗೂ ಬ್ರೋಕರ್ ಕಳಿಸುವ ಕಾಂಟ್ರ್ಯಾಕ್ಟ್ ನೋಟುಗಳನ್ನೆಲ್ಲ ಪ್ರಿಂಟ್ ತೆಗೆದು ಕೂತೆ.

ಮೊದಲು ಕೇಳಿದ್ದು, ಆ ಏಪ್ರಿಲ್‌ನಲ್ಲಿ ನನ್ನ ಕೈಯಲ್ಲಿ ದುಡ್ಡು ಯಾಕಿತ್ತು? ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಬೆಲೆ ಬಿದ್ದಾಗ ಕೊಳ್ಳಬೇಕು ಎಂದು ಎಲ್ಲರಿಗೂ ಗೊತ್ತು, ಬಿದ್ದ ದಿನ ಕಿಸೆಯಲ್ಲಿ ಇರುವುದು ಕೆಲವರಿಗೆ ಮಾತ್ರ. ನನ್ನ ಬ್ಯಾಂಕಿನ ಪಾಸ್‌ಬುಕ್ ಉತ್ತರ ಕೊಟ್ಟಿತು. ತೋಟದ ಪಾಲಿನ ದುಡ್ಡು ಫೆಬ್ರವರಿಯಲ್ಲಿ ಬಂದಿತ್ತು, ಅದರಲ್ಲಿ ಜೋಗದ ರಸ್ತೆಯ ಕಡೆ ಒಂದು ಸೈಟಿಗೆ ಮಾತಾಗಿತ್ತು, ಮಾರ್ಚ್ ಕೊನೆ ವಾರ ರಿಜಿಸ್ಟ್ರೇಷನ್. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು, ಸಬ್ ರಿಜಿಸ್ಟ್ರಾರ್ ಕಚೇರಿ ಬಾಗಿಲು ಹಾಕಿತು, ಮಾರುವವರು ಅಷ್ಟರಲ್ಲಿ ಮನಸ್ಸು ಬದಲಿಸಿದರು. ರಿಜಿಸ್ಟ್ರೇಷನ್ ಒಂದು ವಾರ ಮೊದಲು ಇಟ್ಟಿದ್ದರೆ ನನ್ನ ಹತ್ತಿರ ಇವತ್ತು ಹುಲ್ಲು ಬೆಳೆದ ಸೈಟು ಇರುತ್ತಿತ್ತು. ಧೈರ್ಯ ಅಂತ ಊರವರು ಕರೆದದ್ದರಲ್ಲಿ ಮುಕ್ಕಾಲು ಪಾಲು ಆ ಕಚೇರಿಯ ಬೀಗದ್ದು.

ಎರಡನೆಯದು, ಕೊಂಡಾಗ ನನ್ನ ತಲೆಯಲ್ಲಿ ಏನಿತ್ತು? ನೆನಪನ್ನು ಕೇಳಿದರೆ ಅದು ಚಂದದ ಉತ್ತರ ಕೊಡುತ್ತದೆ: ಮಾರುಕಟ್ಟೆ ಅತಿಯಾಗಿ ಬಿದ್ದಿದೆ, ಒಳ್ಳೆಯ ಕಂಪನಿಗಳು ಅಗ್ಗಕ್ಕೆ ಸಿಗುತ್ತಿವೆ, ವರ್ಷದೊಳಗೆ ಚೇತರಿಸುತ್ತದೆ. ನೆನಪಿಗೆ ವೋಚರ್ ಇಲ್ಲವಲ್ಲ, ಆ ದಿನಗಳಲ್ಲಿ ಬರೆದದ್ದು ಏನಾದರೂ ಇದೆಯೇ ಎಂದು ವಾಟ್ಸ್‌ಆ್ಯಪ್ ಹುಡುಕಿದೆ. ಶಿವಮೊಗ್ಗದಲ್ಲಿರುವ ಗೆಳೆಯನಿಗೆ ಕಳಿಸಿದ ಸಂದೇಶ ಸಿಕ್ಕಿತು. "ಇನ್ನೂ ಬೀಳತ್ತೆ ಕಣೋ. ಬ್ಯಾಂಕಲ್ಲಿ ಸುಮ್ನೆ ಕೊಳೀತಿದೆ, ಸ್ವಲ್ಪ ಹಾಕಿ ನೋಡ್ತೀನಿ." ಎರಡೂ ನನ್ನವೇ ಮಾತು! ಬೀಳುತ್ತದೆ ಎಂದು ನಂಬಿದವನು ಏರುತ್ತದೆ ಎಂದು ಕೊಂಡೆ ಅನ್ನುತ್ತಿದ್ದಾನೆ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಮಾರ್ಚ್ 23ರಂದೇ ಎಷ್ಟು ಬೇಕಾದರೂ ಬಾಂಡ್ ಕೊಳ್ಳುತ್ತೇವೆ ಎಂದು ಘೋಷಿಸಿತ್ತು, ನಮ್ಮ ರಿಸರ್ವ್ ಬ್ಯಾಂಕ್ ಮೇ ತಿಂಗಳೊಳಗೆ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, 4%ಕ್ಕೆ ಇಳಿಸಿತು. ಮಾರುಕಟ್ಟೆ ಎದ್ದು ನಿಲ್ಲಲು ದೊಡ್ಡ ಕಾರಣಗಳು ಇವು. ನನ್ನ ಸಂದೇಶಗಳಲ್ಲಿ ಇವುಗಳ ಸುಳಿವೇ ಇಲ್ಲ.

ಮೂರನೆಯದು ಬರೀ ಲೆಕ್ಕ. ಇದನ್ನು ಯಾರು ಬೇಕಾದರೂ ಒಂದು ಸಂಜೆಯಲ್ಲಿ ಮಾಡಬಹುದು. ಒಂದು ಎಕ್ಸೆಲ್ ಹಾಳೆಯಲ್ಲಿ ನಾನು ದುಡ್ಡು ಹಾಕಿದ ದಿನಾಂಕ, ಮೊತ್ತ ಬರೆದೆ. ಪಕ್ಕದಲ್ಲಿ, ಅದೇ ದಿನ ಅದೇ ಮೊತ್ತವನ್ನು ಕಣ್ಣು ಮುಚ್ಚಿ ಒಂದು ನಿಫ್ಟಿ ಇಂಡೆಕ್ಸ್ ಫಂಡಿಗೆ (ದೇಶದ 50 ದೊಡ್ಡ ಕಂಪನಿಗಳ ನಿಫ್ಟಿ ಸೂಚ್ಯಂಕವನ್ನು ಹಾಗೇ ಅನುಸರಿಸುವ ಫಂಡು) ಹಾಕಿದ್ದರೆ ಎಷ್ಟು ಯೂನಿಟ್ ಬರುತ್ತಿತ್ತು ಎಂದು ಬರೆದೆ. ಫಂಡಿನ ಹಳೆಯ ಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ಬೆಲೆ, ಮ್ಯೂಚುವಲ್ ಫಂಡ್ ಕಂಪನಿಗಳ ಒಕ್ಕೂಟವಾದ ಆಂಫಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಗ್ರೋತ್ ಆಯ್ಕೆಯ ಎನ್‌ಎವಿ ತಗೊಂಡರೆ ಡಿವಿಡೆಂಡ್ ಕೂಡ ಅದರೊಳಗೇ ಸೇರಿರುತ್ತದೆ. ತನ್ನ ಲಾಭಕ್ಕೆ ಡಿವಿಡೆಂಡ್ ಸೇರಿಸಿಕೊಂಡು, ಎದುರಿಗೆ ಟಿವಿಯಲ್ಲಿ ಕಾಣುವ ನಿಫ್ಟಿ ಅಂಕ ಇಟ್ಟು ಗೆದ್ದೆ ಅನ್ನುವವರು ಬಹಳ. ಆಮೇಲೆ ಎರಡಕ್ಕೂ ಎಕ್ಸ್‌ಐಆರ್‌ಆರ್ ಹಾಕಿದೆ, ದುಡ್ಡು ಹಾಕಿದ ದಿನಾಂಕ ಹಿಡಿದು ವರ್ಷದ ಲಾಭದ ದರ ತೆಗೆಯುವ ಎಕ್ಸೆಲ್ ಸೂತ್ರ ಅದು.

2020ರ ಮಾರ್ಚ್ 23ರಂದು 7,610ರಲ್ಲಿ ಮುಗಿದ ನಿಫ್ಟಿ 2021ರ ಅಕ್ಟೋಬರ್ 18ರಂದು 18,477ರಲ್ಲಿ ಮುಗಿಯಿತು. ಏನೂ ಓದದೆ, ಯಾರನ್ನೂ ಕೇಳದೆ ಕೂತಿದ್ದವನಿಗೂ ಹತ್ತೊಂಬತ್ತು ತಿಂಗಳಲ್ಲಿ ದುಡ್ಡು 2.4 ಪಟ್ಟು. ಅಷ್ಟನ್ನು ಕಳೆದರೂ ನನ್ನದು ಸ್ವಲ್ಪ ಮುಂದಿತ್ತು. ಒಂದು ನಿಮಿಷ ಖುಷಿಯಾಯಿತು. ಆದರೆ ನಾನು ಕೊಂಡದ್ದು ದೊಡ್ಡ ಕಂಪನಿಗಳನ್ನಲ್ಲ, ಹೆಚ್ಚಿನವು ಸಣ್ಣವು. ಆಡಿದ ಮೈದಾನದ ಅಳತೆಗೋಲನ್ನೇ ಇಡಬೇಕಲ್ಲ ಎಂದು ನಿಫ್ಟಿ ಬದಲು ಸಣ್ಣ ಕಂಪನಿಗಳ ಸ್ಮಾಲ್‌ಕ್ಯಾಪ್ ಸೂಚ್ಯಂಕ ಹಾಕಿದೆ. ಅದೂ ಹೆಚ್ಚುಕಡಿಮೆ ನನ್ನಷ್ಟೇ ಏರಿತ್ತು. ಉಳಿದ ಚೂರು ಮುನ್ನಡೆ ಎಲ್ಲಿಯದು ಎಂದು ನೋಡಿದರೆ ಒಂದೇ ಕಂಪನಿಯದು, ಒಂದು ರಾಸಾಯನಿಕ ತಯಾರಕ ಕಂಪನಿ. ಅದನ್ನು ತೆಗೆದು ಮತ್ತೆ ಲೆಕ್ಕ ಹಾಕಿದಾಗ ನಾನು ಸೂಚ್ಯಂಕಕ್ಕಿಂತ ಹಿಂದೆ.

ಆ ಒಂದು ಕಂಪನಿಯನ್ನಾದರೂ ತಿಳಿದು ಕೊಂಡೆನೇ? ಅದರ ಬಗ್ಗೆ ನಾನು ಗೆಳೆಯನಿಗೆ ಹೇಳಿದ ಕಾರಣ, ಹೊಸ ಘಟಕ ಆ ವರ್ಷವೇ ಶುರುವಾಗುತ್ತದೆ ಎಂಬುದು. ಘಟಕ ಆ ವರ್ಷ ಶುರುವಾಗಲಿಲ್ಲ. ಷೇರು ಏರಿದ್ದು ಅವರ ಹಳೆಯ ಸರಕಿಗೇ ಜಗತ್ತಿನಲ್ಲೆಲ್ಲ ಬೆಲೆ ಬಂದದ್ದರಿಂದ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು.

ಇದನ್ನೆಲ್ಲ ಹಾಳೆಯ ಮೇಲೆ ನೋಡುತ್ತಿದ್ದಾಗ ನೆನಪಾದದ್ದು ಚಿಕ್ಕಪ್ಪನ ವೆನಿಲ್ಲಾ. ನಮ್ಮ ಕಡೆಯವರಿಗೆ ಅದೃಷ್ಟ ಮತ್ತು ಕೈಚಳಕದ ಪಾಠಕ್ಕೆ ಷೇರುಪೇಟೆಯವರೆಗೆ ಹೋಗುವ ಅಗತ್ಯವೇ ಇಲ್ಲ.

ಚಿಕ್ಕಪ್ಪ ಬಳ್ಳಿ ಹಾಕಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಪರಿಚಯದವರು ಪುಕ್ಕಟೆ ತುಂಡು ಕೊಟ್ಟರು ಅಂತ. ವೆನಿಲ್ಲಾ ಬಳ್ಳಿ ಹೂ ಬಿಡಲು ಮೂರು ವರ್ಷ ಬೇಕು. ಹೂ ಬಿಟ್ಟ ಮೇಲೆ ಕೆಲಸ ಶುರು. ಅದರ ತವರು ಮೆಕ್ಸಿಕೊದಲ್ಲಿ ಆ ಹೂವಿಗೆ ಒಗ್ಗಿದ ಜೇನುನೊಣಗಳಿವೆ, ಇಲ್ಲಿಲ್ಲ, ಇಲ್ಲಿ ಪ್ರತಿ ಹೂವಿಗೂ ಮನುಷ್ಯರೇ ಪರಾಗಸ್ಪರ್ಶ ಮಾಡಬೇಕು. ಬೆಳಗ್ಗೆ ಅರಳಿದ ಹೂ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ, ಮಾರನೇ ದಿನ ಎಂಬುದಿಲ್ಲ. ಚಿಕ್ಕಮ್ಮ ಬೆಳಗಿನ ಕಾಫಿಗೂ ಮೊದಲು ತೋಟಕ್ಕೆ ಇಳಿಯುತ್ತಿದ್ದರು. ಎಡಗೈಯಲ್ಲಿ ಹೂ ಹಿಡಿದು, ಮೊನೆಯಾದ ಸಣ್ಣ ಕಡ್ಡಿಯಿಂದ ಎಸಳು ಸೀಳಿ, ಒಳಗಿನ ತೆಳು ಪೊರೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಮೆತ್ತಗೆ ಒತ್ತುತ್ತಿದ್ದರು. ಒತ್ತು ಹೆಚ್ಚಾದರೆ ಹೂ ಹಾಳು, ಕಡಿಮೆಯಾದರೆ ಕಾಯಿಲ್ಲ. ಈ ಕ್ರಮವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಕಂಡುಹಿಡಿದದ್ದು. ಇವತ್ತಿಗೂ ಜಗತ್ತಿನ ವೆನಿಲ್ಲಾ ತೋಟಗಳು ಅವನ ಕೈಯ ಆ ಚಲನೆಯ ಮೇಲೇ ನಿಂತಿವೆ. ಚಿಕ್ಕಮ್ಮ ಮುಟ್ಟಿದ ಹೂಗಳು ಸಾಮಾನ್ಯವಾಗಿ ಕಾಯಿ ಕಚ್ಚುತ್ತಿದ್ದವು, ಹೊಸದಾಗಿ ಬಂದ ಆಳುಗಳ ಕೈಯಲ್ಲಿ ಅರ್ಧಕ್ಕರ್ಧ ಉದುರುತ್ತಿದ್ದವು. ಅದು ಕೌಶಲ. ಅನುಮಾನಕ್ಕೆ ಜಾಗವಿಲ್ಲ.

ಬೆಲೆ ಬಂದದ್ದು ಬೇರೆ ದಾರಿಯಿಂದ. ಜಗತ್ತಿನ ವೆನಿಲ್ಲಾದಲ್ಲಿ ದೊಡ್ಡ ಪಾಲು ಬೆಳೆಯುವ ಮಡಗಾಸ್ಕರ್‌ಗೆ 2000ದ ಏಪ್ರಿಲ್‌ನಲ್ಲಿ ಹುಡಾ ಎಂಬ ಚಂಡಮಾರುತ ಬಡಿಯಿತು. ತೋಟಗಳು ನೆಲಕಚ್ಚಿದವು. ದರ ಏರುತ್ತ ಹೋಗಿ 2003ರ ಸುಮಾರಿಗೆ ನಮ್ಮಲ್ಲಿ ಹಸಿ ಬೀನ್ಸ್ ಕಿಲೋಗೆ 3,000 ರೂಪಾಯಿ ದಾಟಿತು. ಜನ ರಾತ್ರಿ ತೋಟದಲ್ಲಿ ಟಾರ್ಚ್ ಹಿಡಿದು ಕಾವಲು ಕೂತರು. ಚಿಕ್ಕಪ್ಪ ಮನೆಗೆ ಆರ್‌ಸಿಸಿ ಹಾಕಿಸಿದರು. ಆ ಹೊತ್ತಿಗೆ ಅವರ ಮಾತಿನ ಧಾಟಿಯೂ ಬದಲಾಗಿತ್ತು. "ಕೃಷಿಯಲ್ಲಿ ದೂರದೃಷ್ಟಿ ಬೇಕು ಮಾರಾಯ. ಎಲ್ಲರೂ ಅಡಿಕೆ ಅಡಿಕೆ ಅಂತ ಕೂತಿದ್ದಾಗ ನಾನು ಬಳ್ಳಿ ಹಾಕಿದೆ." ಸುತ್ತಲಿನ ಊರುಗಳಿಂದ ಜನ ಬಂದು ಸಲಹೆ ಕೇಳಿದರು. ತುಂಡಿಗೇ ದುಡ್ಡು ಕೊಟ್ಟು ಒಯ್ದು ನೆಟ್ಟರು. ಮೂರು ವರ್ಷ ಕಾದು ಆ ಬಳ್ಳಿಗಳು ಹೂ ಬಿಡುವಷ್ಟರಲ್ಲಿ ಮಡಗಾಸ್ಕರ್ ಚೇತರಿಸಿಕೊಂಡಿತ್ತು, ಕೊಳ್ಳುವ ಕಂಪನಿಗಳು ಕೃತಕ ವೆನಿಲಿನ್ ಕಡೆಗೆ ತಿರುಗಿದ್ದವು, ಬೀನ್ಸ್ ನೂರು ರೂಪಾಯಿಗೂ ಕೇಳುವವರಿಲ್ಲದಂತಾಗಿತ್ತು.

ಸಲಹೆ ಪಡೆದು ನೆಟ್ಟವರ ಹೆಂಡಂದಿರೂ ಅದೇ ಕಡ್ಡಿ ಹಿಡಿದು ಅಷ್ಟೇ ನಾಜೂಕಾಗಿ ಪೊರೆ ಎತ್ತಿದ್ದರು. ಕೆಲಸ ಒಂದೇ, ವ್ಯತ್ಯಾಸ ನೆಟ್ಟ ವರ್ಷದ್ದು. 2017ರ ಮಾರ್ಚ್‌ನಲ್ಲಿ ಎನಾವೊ ಎಂಬ ಇನ್ನೊಂದು ಚಂಡಮಾರುತ ಮಡಗಾಸ್ಕರ್‌ಗೆ ಅಪ್ಪಳಿಸಿ ದರ ಮತ್ತೆ ಆಕಾಶಕ್ಕೇರಿತು. ದೂರದೃಷ್ಟಿಯ ಚಿಕ್ಕಪ್ಪ ಅಷ್ಟರಲ್ಲಿ ಬಳ್ಳಿಗಳನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿ ವರ್ಷಗಳೇ ಕಳೆದಿದ್ದವು. ಈಗಲೂ ಅವರು ತಾನು ವೆನಿಲ್ಲಾದ ದರ ಊಹಿಸಿದ್ದೆ ಎಂದೇ ಹೇಳುತ್ತಾರೆ, ನಾನು ಹೂಂಗುಟ್ಟುತ್ತೇನೆ. ಎಂಬತ್ತರ ಹತ್ತಿರದ ಹಿರಿಯರಿಗೆ ಎಕ್ಸೆಲ್ ತೋರಿಸುವುದು ಯಾವ ಮರ್ಯಾದೆ?

ಹೂಡಿಕೆಯ ಬಗ್ಗೆ ಬರೆಯುವವರಲ್ಲಿ ಒಂದು ಪರೀಕ್ಷೆ ರೂಢಿಯಲ್ಲಿದೆ: ಬೇಕೆಂದೇ ಸೋಲಲು ಬರುತ್ತದೆಯೇ? ಬಂದರೆ ಆ ಕೆಲಸದಲ್ಲಿ ಕೌಶಲವಿದೆ ಎಂದರ್ಥ. ಚಿಕ್ಕಮ್ಮ ಮನಸ್ಸು ಮಾಡಿ ಹೂಗಳನ್ನು ಹಾಳು ಮಾಡಿದ್ದರೆ ಒಂದೂ ಕಾಯಿ ಬರುತ್ತಿರಲಿಲ್ಲ. ಸೂಚ್ಯಂಕಕ್ಕಿಂತ ಖಂಡಿತ ಹಿಂದೆ ಬೀಳುವ ಹತ್ತು ಷೇರು ಆರಿಸು ಎಂದರೆ ನನ್ನ ಕೈಲಾಗುವುದಿಲ್ಲ, ಪ್ರಯತ್ನಿಸಿದ್ದೇನೆ. ಕೆಟ್ಟವು ಎಂದು ಕಾಗದದ ಮೇಲೆ ಆರಿಸಿಟ್ಟ ಪಟ್ಟಿ 2023ರಲ್ಲಿ ನಾನು ಕೊಂಡವುಗಳಿಗಿಂತ ಚೆನ್ನಾಗಿ ಓಡಿತು.

ಇನ್ನೊಂದು ಲೆಕ್ಕವೂ ನನ್ನನ್ನು ತಣ್ಣಗಾಗಿಸಿತು. ಒಬ್ಬನಿಗೆ ನಿಜವಾಗಿಯೂ ಕೌಶಲವಿದೆ, ವರ್ಷಕ್ಕೆ ಸರಾಸರಿ 3% ಸೂಚ್ಯಂಕಕ್ಕಿಂತ ಹೆಚ್ಚು ತೆಗೆಯುತ್ತಾನೆ ಎಂದಿಟ್ಟುಕೊಳ್ಳಿ. ಆದರೆ ಆ ಅಂತರ ವರ್ಷದಿಂದ ವರ್ಷಕ್ಕೆ 10%ದಷ್ಟು ಆಚೀಚೆ ಹೊಯ್ದಾಡುತ್ತದೆ. ಆಯ್ದ ಕೆಲವೇ ಷೇರು ಇಟ್ಟುಕೊಂಡವರಿಗೆ ಅದು ದೊಡ್ಡದಲ್ಲ. ಇದು ಆಕಸ್ಮಿಕವಲ್ಲ ಎಂದು ಸಂಖ್ಯಾಶಾಸ್ತ್ರದವರು ಸಾಮಾನ್ಯವಾಗಿ ಒಪ್ಪುವ ಮಟ್ಟ ಮುಟ್ಟಲು ಸುಮಾರು 44 ವರ್ಷದ ದಾಖಲೆ ಬೇಕು. 3ರ ಬದಲು 2% ಮುನ್ನಡೆಯಾದರೆ ನೂರು ವರ್ಷ. ನಮ್ಮ ಊರಿನಲ್ಲಿ ಎರಡು ವರ್ಷದ ಸ್ಕ್ರೀನ್‌ಶಾಟ್ ಸಾಕಾಗುತ್ತದೆ.

ಲಾಭದ ಮೊತ್ತ ನೋಡಿ ಏನೂ ತಿಳಿಯುವುದಿಲ್ಲವೆಂದಾದರೆ ಬೇರೆ ಏನನ್ನು ನೋಡಬೇಕು? ನಾನು ಒಂದು ಉದ್ದನೆಯ ಲೆಡ್ಜರ್ ಪುಸ್ತಕ ಇಟ್ಟೆ. ಕೊಳ್ಳುವ ಮೊದಲು ಬರೆಯಬೇಕು, ಕೊಂಡ ಮೇಲಲ್ಲ. ಯಾವ ಕಂಪನಿ, ಏನಾಗುತ್ತದೆ ಎಂದು ನಂಬಿದ್ದೇನೆ, ಎಷ್ಟರೊಳಗೆ, ನೂರಕ್ಕೆ ಎಷ್ಟು ಖಾತ್ರಿ, ಏನಾದರೆ ನಾನು ತಪ್ಪು ಎಂದು ಒಪ್ಪುತ್ತೇನೆ. ಷೇರಿನ ದರದ ಬಗ್ಗೆ ಬರೆದ ಸಾಲುಗಳನ್ನು ನೀಲಿ ಪೆನ್ನಿನಲ್ಲಿ, ಕಂಪನಿಯ ವ್ಯವಹಾರದ ಬಗ್ಗೆ ಬರೆದದ್ದನ್ನು ಕಪ್ಪಿನಲ್ಲಿ. ಅವಧಿ ಮುಗಿದ ಮೇಲೆ ಪಕ್ಕದಲ್ಲಿ ಎರಡು ಗುರುತು: ಫಲ ಬಂತೇ, ಹೇಳಿದ ಕಾರಣಕ್ಕೇ ಬಂತೇ. ಫಲ ಬಂದು ಕಾರಣ ತಪ್ಪಾದ ಸಾಲಿಗೆ ನಾನು ಇಟ್ಟ ಹೆಸರು 'ಬಕ್ಷೀಸು'. ಬಕ್ಷೀಸಿನ ದುಡ್ಡೂ ದುಡ್ಡೇ, ಖರ್ಚಿಗೆ ಬರುತ್ತದೆ, ಆದರೆ ಅದನ್ನು ನೆಚ್ಚಿ ಮುಂದಿನ ಪಣ ದೊಡ್ಡದು ಮಾಡುವುದಿಲ್ಲ.

ಕೆಲವು ವರ್ಷ ಹೀಗೆ ಬರೆದ ಮೇಲೆ ಪುಟಗಳು ಮಾತಾಡತೊಡಗಿದವು. ನೀಲಿ ಸಾಲುಗಳು ನಾಣ್ಯ ಚಿಮ್ಮಿದಂತೆಯೇ. 70% ಖಾತ್ರಿ ಎಂದು ಬರೆದ ಕಡೆ ಹತ್ತಕ್ಕೆ ಐದು. ಕಪ್ಪು ಸಾಲುಗಳಲ್ಲಿ ಒಂದು ಬಗೆ ಮಾತ್ರ ಎದ್ದು ಕಂಡಿತು. ಬರಬೇಕಾದ ಬಾಕಿ ಮಾರಾಟಕ್ಕಿಂತ ಜೋರಾಗಿ ಬೆಳೆಯುತ್ತಿದೆ, ಪ್ರವರ್ತಕರ ಇನ್ನೊಂದು ಕಂಪನಿಗೆ ಸಾಲ ಹೋಗುತ್ತಿದೆ, ಲಾಭ ತೋರಿಸುತ್ತಾರೆ ಕೈಗೆ ನಗದು ಬರುತ್ತಿಲ್ಲ, ಇಲ್ಲಿ ಏನೋ ಹೊರಬೀಳುತ್ತದೆ ಎಂದು ಬರೆದವುಗಳಲ್ಲಿ ಹೆಚ್ಚಿನವು ನಿಜವಾಗಿದ್ದವು. ಆಶ್ಚರ್ಯವಿಲ್ಲ. ಅಂಗಡಿಗಳ ಲೆಕ್ಕದಲ್ಲಿ ನಾನು ದಿನಾ ನೋಡುವುದು ಅದನ್ನೇ, ಮತ್ತು ಅಲ್ಲಿ ನನ್ನ ಊಹೆ ಸರಿಯೋ ತಪ್ಪೋ ಎಂದು ತಿಂಗಳೊಳಗೆ ಗೊತ್ತಾಗುತ್ತದೆ. ನನಗಿರುವ ಅಷ್ಟಿಷ್ಟು ಕೌಶಲ ಕೊಳ್ಳುವುದರಲ್ಲಿ ಅಲ್ಲ, ಬಿಡುವುದರಲ್ಲಿ. ಬಿಟ್ಟದ್ದು ಯಾವ ಬ್ರೋಕರ್ ಪಟ್ಟಿಯಲ್ಲೂ ಲಾಭವೆಂದು ಬರುವುದಿಲ್ಲ. ಅದಕ್ಕೇ ಬಿಟ್ಟ ಕಂಪನಿಗಳಿಗೂ ಒಂದು ಪುಟ ಇಟ್ಟಿದ್ದೇನೆ, ಬಿಟ್ಟ ಮೇಲೆ ನಾಲ್ಕು ಪಟ್ಟು ಏರಿದವೂ ಅಲ್ಲಿ ಕೂತಿವೆ.

ಇದೇ ಕನ್ನಡಕ ಹಾಕಿಕೊಂಡು ಕಸುಬಿನ ಕಡೆಗೂ ನೋಡಿದೆ. 2017ರ ನಂತರ ನನ್ನ ಆಫೀಸು ಬೆಳೆದದ್ದು ನನ್ನ ಶ್ರದ್ಧೆಯಿಂದ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು, ನಾನೂ ಬೇಡ ಅಂದಿರಲಿಲ್ಲ. ಆ ವರ್ಷದ ಜುಲೈ 1ರಂದು ಜಿಎಸ್‌ಟಿ ಬಂತು. ವರ್ಷಕ್ಕೊಮ್ಮೆ ಮುಖ ತೋರಿಸುತ್ತಿದ್ದ ವ್ಯಾಪಾರಿ ತಿಂಗಳು ತಿಂಗಳೂ ಬರಲೇಬೇಕಾಯಿತು. ಪಕ್ಕದ ಬೀದಿಯಲ್ಲಿ ಇದೇ ಕಸುಬು ಮಾಡುವ ಇಬ್ಬರಿಗೂ ಜಾಗ ಸಾಲದೆ ಆಫೀಸು ಬದಲಾಯಿಸಬೇಕಾಯಿತು, ಅವರಲ್ಲಿ ಒಬ್ಬರು ಫೋನೇ ಎತ್ತುವುದಿಲ್ಲ ಎಂದು ಊರಿಗೆಲ್ಲ ಗೊತ್ತು! ಬಂದವರ ಸಂಖ್ಯೆ ಕಾನೂನಿನ ಕೊಡುಗೆ. ಬಂದವರಲ್ಲಿ ಎಷ್ಟು ಜನ ನಾಲ್ಕೈದು ವರ್ಷ ಆದಮೇಲೂ ಉಳಿದಿದ್ದಾರೆ, ನೋಟಿಸ್ ಬಂದಾಗ ಯಾರ ಹತ್ತಿರ ಓಡುತ್ತಾರೆ ಎಂಬುದರಲ್ಲಿ ನನ್ನ ಪಾಲು ಸ್ವಲ್ಪ ಇರಬಹುದು.

ಅಕ್ಕನ ಮಗನದು ಬೇರೆಯೇ ಬಗೆ. ಅವನು ಆಪ್ಷನ್ ಮಾರುತ್ತಾನೆ, ಅಂದರೆ ಸೂಚ್ಯಂಕ ಒಂದು ಮಟ್ಟ ದಾಟಿದರೆ ನಷ್ಟ ತುಂಬಿಕೊಡುತ್ತೇನೆ ಎಂದು ಒಪ್ಪಿ ಮೊದಲೇ ದುಡ್ಡು ಪಡೆಯುತ್ತಾನೆ. ತಿಂಗಳು ತಿಂಗಳೂ ಸಂಬಳದ ಹಾಗೆ ಲಾಭ, ಪಟ್ಟಿಯಲ್ಲಿ ಕೆಂಪು ಗೆರೆಯೇ ಇಲ್ಲ. "ಮಾವ, ನಿಮ್ಮ 44 ವರ್ಷ ನಂಗೆ ಬೇಡ, ನಂದು ಪ್ರತಿ ವಾರ ಪ್ರೂವ್ ಆಗ್ತಿದೆ." ಅವನ ವಾದದಲ್ಲಿ ಹುರುಳಿತ್ತು: ನಿರ್ಧಾರಗಳ ಸಂಖ್ಯೆ ಹೆಚ್ಚಿದಷ್ಟೂ ಅದೃಷ್ಟದ ಪಾಲು ಬೇಗ ಕಳಚುತ್ತದೆ. ಆದರೆ ಆಪ್ಷನ್ ಮಾರುವುದೆಂದರೆ ವಿಮೆ ಮಾರಿದ ಹಾಗೆ, ಕಂತು ಪ್ರತಿ ವಾರ ಬರುತ್ತದೆ, ಬೆಂಕಿ ಯಾವತ್ತೋ ಒಂದು ದಿನ ಬೀಳುತ್ತದೆ. ಬೆಂಕಿ ಬೀಳದ ತಿಂಗಳುಗಳನ್ನು ಎಷ್ಟು ಎಣಿಸಿದರೂ ಅವು ಒಂದೇ ಸಂಗತಿಯನ್ನು ಹೇಳುತ್ತವೆ, ಬೆಂಕಿ ಬಿದ್ದಿಲ್ಲ ಅಂತ. 2024ರ ಜೂನ್ 3ರಂದು ಮತಗಟ್ಟೆ ಸಮೀಕ್ಷೆ ನೋಡಿ ನಿಫ್ಟಿ 3%ಕ್ಕೂ ಹೆಚ್ಚು ಏರಿತು. ಮಾರನೇ ದಿನ ಮತ ಎಣಿಕೆ, ಸುಮಾರು 6% ಬಿದ್ದು 21,884ರಲ್ಲಿ ಮುಗಿಯಿತು. ಆ ವಾರ ಮುಗಿಯುವಷ್ಟರಲ್ಲಿ ಸೂಚ್ಯಂಕ ಮತ್ತೆ 23,000ದ ಮೇಲಿತ್ತು, ಆದರೆ ಅವನ ಖಾತೆಯಲ್ಲಿ ಮಾರ್ಜಿನ್, ಅಂದರೆ ಒತ್ತೆ ಇಡಬೇಕಾದ ದುಡ್ಡು, ಉಳಿದಿರಲಿಲ್ಲ.

ಅದೇ ಸೆಪ್ಟೆಂಬರ್‌ನಲ್ಲಿ ಸೆಬಿಯ ಅಧ್ಯಯನ ಬಂತು. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಎಫ್ ಅಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಮಾಡಿದ ಒಂದು ಕೋಟಿಗೂ ಹೆಚ್ಚು ಬಿಡಿ ವಹಿವಾಟುದಾರರಲ್ಲಿ 93% ಜನ ನಷ್ಟದಲ್ಲಿದ್ದರು. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ಬರೀ 1%. ಪೇಪರುಗಳು 93ನ್ನು ದಪ್ಪಕ್ಷರದಲ್ಲಿ ಹಾಕಿದವು. ನನ್ನ ಕಣ್ಣು ಹೋದದ್ದು ಉಳಿದ 7ರ ಕಡೆಗೆ. ಕೋಟಿಗೆ 7% ಅಂದರೆ ಏಳು ಲಕ್ಷ ಜನ. 1,024 ಜನ ಸುಮ್ಮನೆ ನಾಣ್ಯ ಚಿಮ್ಮಿದರೂ ಸರಾಸರಿ ಒಬ್ಬನಿಗೆ ಹತ್ತಕ್ಕೆ ಹತ್ತೂ ಸರಿ ಬೀಳುತ್ತದೆ. ಏಳು ಲಕ್ಷದಲ್ಲಿ ಬಲ್ಲವರು ಎಷ್ಟೋ, ನಾಣ್ಯ ಒಲಿದವರು ಎಷ್ಟೋ. ಟೆಲಿಗ್ರಾಂನಲ್ಲಿ ಕೋರ್ಸ್ ಮಾರುವವರು ಮಾತ್ರ ಇವರೊಳಗಿಂದಲೇ ಬರುತ್ತಾರೆ. ನಷ್ಟ ಮಾಡಿಕೊಂಡವರ ಕೋರ್ಸಿಗೆ ಯಾರು ಸೇರುತ್ತಾರೆ?

ಅಕ್ಕನ ಮಗ ಬಿಟ್ಟಿಲ್ಲ. ಬಿಡು ಎಂದು ನಾನೂ ಹೇಳಿಲ್ಲ, ಇಪ್ಪತ್ತೇಳರ ಹುಡುಗ ಮಾವನ ಮಾತು ಕೇಳಿ ಬಿಡುವುದೂ ಇಲ್ಲ. ಅವನ ಹಾಳೆಯಲ್ಲಿ ಒಂದು ಹೊಸ ಕಾಲಂ ಹಾಕಿಸಿದ್ದೇನೆ, ಇವತ್ತು ಜೂನ್ 4ರಂಥ ದಿನವಾದರೆ ಎಷ್ಟು ಹೋಗುತ್ತದೆ ಅಂತ. ಆ ಸಂಖ್ಯೆ ಬರೆದ ಮೇಲೆ ಅವನು ಮಾರುವ ಲಾಟುಗಳು ತಾವಾಗಿ ಕಡಿಮೆಯಾಗಿವೆ.

ನನ್ನ ದುಡ್ಡಿನಲ್ಲಿ ಈಗ ಮುಕ್ಕಾಲು ಭಾಗ ಇಂಡೆಕ್ಸ್ ಫಂಡಿನಲ್ಲಿದೆ. ಕಾಲು ಭಾಗ ನಾನೇ ಆರಿಸಿದ ಷೇರುಗಳು, ಅದೂ ಬಿಡಬೇಕಾದವನ್ನು ಮೊದಲು ಬಿಟ್ಟು ಉಳಿದವುಗಳಲ್ಲಿ. ಪ್ರತಿ ಏಪ್ರಿಲ್‌ನಲ್ಲಿ, ರಿಟರ್ನ್ ಕೆಲಸ ಜೋರಾಗುವ ಮೊದಲು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಹೋದ ಸಲ ಕಾಲು ಭಾಗ ಸ್ವಲ್ಪ ಮುಂದಿತ್ತು. ಲೆಡ್ಜರ್ ತೆಗೆದು ನೋಡಿದರೆ ಆ ಮುನ್ನಡೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಕ್ಷೀಸು. ಪಾಲು ಹಾಗೇ ಇಟ್ಟಿದ್ದೇನೆ.